ಹಿಂದಿನ ಮುಡಿಯಲ್ಲಿ ಏನಿದೆ, ಸ್ವಾಮಿ?

ಸ್ವಾಮಿಯೇ ಶರಣಂ ಅಯ್ಯಪ್ಪ.

ಈ ಮಾಲಿಕೆಯಲ್ಲಿ ಮಾಲಾಧಾರಣೆ, ತಣ್ಣೀರ ಸ್ನಾನ, ಶರಣುಘೋಷ, ಆಹಾರ ನಿಯಮಗಳ ಬಗ್ಗೆ ಹಿರಿಯ ಸ್ವಾಮಿಗಳು ಆಗಲೇ ಬರೆದಿದ್ದಾರೆ. ಇವತ್ತು ಇರುಮುಡಿಯ ಬಗ್ಗೆ ನೀವು ಬರೆಯಿರಿ ಎಂದು ನನಗೆ ಹೇಳಿದರು. ನಾನು ಗುರುಸ್ವಾಮಿಯಲ್ಲ. ಹಾಸನದ ಕಡೆಯಿಂದ ಕೆಲಸಕ್ಕೆಂದು ಚೆನ್ನೈಗೆ ಬಂದವನು. ಶಾಸ್ತ್ರ ಓದಿ ಬರೆಯುವ ಯೋಗ್ಯತೆ ನನಗಿಲ್ಲ. ನನ್ನಿಂದ ಆದ ಒಂದು ತಪ್ಪನ್ನು ಹೇಳಬಲ್ಲೆ. ಅದು ಒಂದು ಕಸದ ಚೀಲದ ಕಥೆ. ಇರುಮುಡಿ ಅಂದರೆ ಏನು ಅಂತ ನನಗೆ ಸ್ವಲ್ಪವಾದರೂ ಅರ್ಥವಾಗಿದ್ದು ಆ ಚೀಲದಿಂದಲೇ.

2023ರ ಮಂಡಲ ಕಾಲ. ಅದು ನನ್ನ ಮೂರನೆಯ ಮಾಲೆ. ವೇಳಚ್ಚೇರಿಯಲ್ಲಿ ಒಂದು ನೆಲಮಹಡಿ ಮನೆಯಲ್ಲಿ ನಾವು ಐದು ಜನ ಕನ್ನಡದ ಹುಡುಗರು ಇದ್ದೆವು. ಐವರೂ ಮಾಲೆ ಹಾಕಿದ್ದೆವು. ನಮ್ಮ ಗುರುಸ್ವಾಮಿ ಕುಂದಾಪುರದ ಕಡೆಯವರು, ಚೆನ್ನೈನ ಹೋಟೆಲ್ ಅಡುಗೆಮನೆಗಳಲ್ಲಿ ಮೂವತ್ತು ವರ್ಷ ದುಡಿದವರು. ಡಿಸೆಂಬರ್ 2, ಶನಿವಾರ. ನಮ್ಮ ಮನೆಯಲ್ಲಿ ಪೂಜೆ, ಭಜನೆ, ಅನ್ನದಾನ ಇಟ್ಟುಕೊಂಡೆವು. ಅರವತ್ತು ಜನ ಬಂದರು. ಗುರುಸ್ವಾಮಿಗಳು ಮೊದಲೇ ಹೇಳಿದ್ದರು: "ಬಾಳೆಎಲೆ ತನ್ನಿ, ಇಲ್ಲದಿದ್ದರೆ ಹಾಳೆತಟ್ಟೆ ತನ್ನಿ. ಲೋಟ ಹೋಟೆಲಿಂದ ನಾನು ತರ್ತೇನೆ." ನಾವು ಹೂಂ ಅಂದೆವು, ಆದರೆ ತರಲಿಲ್ಲ. ಆಫೀಸು ಮುಗಿಸಿ ಬರುವಾಗ ಹೊಳೆಯುವ ಪ್ಲಾಸ್ಟಿಕ್ ಲೇಪದ ತಟ್ಟೆ, ಪ್ಲಾಸ್ಟಿಕ್ ಲೋಟ, ಕಾಲು ಲೀಟರಿನ ನೀರಿನ ಬಾಟಲಿಗಳ ಎರಡು ಕಟ್ಟು, ಪ್ರಸಾದ ಕಟ್ಟಿಕೊಡಲು ಕವರ್, ಎಲ್ಲ ಒಂದೇ ಅಂಗಡಿಯಲ್ಲಿ ಸಿಕ್ಕಿತು. ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅನ್ನುವ ಆಸೆಯೂ ಇತ್ತು, ಸುಳ್ಳು ಹೇಳುವುದಿಲ್ಲ.

ತಮಿಳುನಾಡಿನಲ್ಲಿ 2019ರ ಜನವರಿ 1ರಿಂದಲೇ ಇಂಥ ಒಮ್ಮೆ ಬಳಸಿ ಬಿಸಾಡುವ 14 ಬಗೆಯ ವಸ್ತುಗಳಿಗೆ ನಿಷೇಧವಿದೆ. ಪ್ಲಾಸ್ಟಿಕ್ ಲೇಪದ ತಟ್ಟೆ, ಲೋಟ, ಕೈಚೀಲ ಎಲ್ಲವೂ ಆ ಪಟ್ಟಿಯಲ್ಲಿವೆ. ನನಗೆ ಅದು ಗೊತ್ತಿತ್ತು. ಮಾರುತ್ತಿದ್ದಾರಲ್ಲ, ಕೊಂಡರೆ ತಪ್ಪೇನು ಅಂದುಕೊಂಡೆ.

ಊಟವಾಯಿತು. ಎಂಜಲು ತಟ್ಟೆ, ಉಳಿದ ಸಾಂಬಾರ್, ಬಾಟಲಿ, ಪೂಜೆಯ ಕರ್ಪೂರದ ಪೊಟ್ಟಣ, ಅಗರಬತ್ತಿಯ ಕವರ್, ಪನ್ನೀರಿನ ಸೀಸೆ, ತುಪ್ಪದ ಖಾಲಿ ಪಾಕೆಟ್, ಎಲ್ಲವನ್ನೂ ದೊಡ್ಡ ಕಪ್ಪು ಚೀಲಗಳಿಗೆ ತುಂಬಿದೆವು. ಬೀದಿಯ ತೊಟ್ಟಿ ತುಂಬಿತ್ತು. ಪಕ್ಕದಲ್ಲಿ ಮಳೆನೀರು ಚರಂಡಿಯ ಜಾಲರಿ. ಅದರ ಹತ್ತಿರವೇ ಚೀಲಗಳನ್ನು ಇಟ್ಟು, ಕೈ ತೊಳೆದು, ಹರಿವರಾಸನಂ ಹಾಡಿ ಮಲಗಿದೆವು.

ಮರುದಿನ ಮಿಚಾಂಗ್ ಚಂಡಮಾರುತದ ಮಳೆ ಶುರುವಾಯಿತು. ಡಿಸೆಂಬರ್ 3 ಮತ್ತು 4ರಂದು ಚೆನ್ನೈ ಹೇಗಿತ್ತು ಅಂತ ನಿಮ್ಮಲ್ಲಿ ಹಲವರು ಟಿವಿಯಲ್ಲಿ ನೋಡಿರುತ್ತೀರಿ. ಸೋಮವಾರ ಬೆಳಗಿನ ಹೊತ್ತಿಗೆ ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು. ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ, ಹಾಲಿಲ್ಲ. ಅಯ್ಯಪ್ಪನ ಪಟವನ್ನು ಅಟ್ಟದ ಮೇಲಿಟ್ಟು, ನಾವು ಮಹಡಿಯ ಮನೆಯವರ ವರಾಂಡದಲ್ಲಿ ಕೂತೆವು. ಅವರು ನಮ್ಮ ಧರ್ಮದವರಲ್ಲ. ಆದರೂ ನಾವು ಮಾಲೆ ಹಾಕಿದ್ದೇವೆ ಅಂತ ತಿಳಿದು, ಹೊಸ ಪಾತ್ರೆಯಲ್ಲಿ ಗಂಜಿ ಬೇಯಿಸಿ ಕೊಟ್ಟರು. ಸ್ವಾಮಿ ಅನ್ನ ಕೊಡುವ ದಾರಿ ಹೀಗೂ ಇರುತ್ತದೆ.

ಮಳೆ ನಿಂತ ಮೇಲೂ ನಮ್ಮ ಬೀದಿಯ ನೀರು ಇಳಿಯಲಿಲ್ಲ. ಹಿಂದಿನ ಬೀದಿಯಲ್ಲಿ ಇಳಿಯಿತು, ನಮ್ಮಲ್ಲಿ ನಿಂತೇ ಇತ್ತು. ಬುಧವಾರ ಬೆಳಿಗ್ಗೆ ಇಬ್ಬರು ಪೌರಕಾರ್ಮಿಕರು ಬಂದರು. ಒಬ್ಬರ ಕೊರಳಲ್ಲಿ ತುಳಸಿ ಮಾಲೆ, ಸೊಂಟಕ್ಕೆ ಎತ್ತಿ ಕಟ್ಟಿದ ಕಪ್ಪು ಪಂಚೆ. ಅವರೂ ಸ್ವಾಮಿ! ಎದೆಮಟ್ಟ ಬಗ್ಗಿ, ಕೈಯನ್ನು ಭುಜದವರೆಗೆ ಆ ಕಪ್ಪು ನೀರಿಗೆ ಇಳಿಸಿ, ಜಾಲರಿಗೆ ಮೆತ್ತಿಕೊಂಡಿದ್ದನ್ನು ಎಳೆಯತೊಡಗಿದರು. ತಟ್ಟೆಗಳು ಬಂದವು. ಲೋಟಗಳು ಬಂದವು. ಬಾಟಲಿಗಳು, ಕವರ್‌ಗಳು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಒಂದೊಂದೂ ನನಗೆ ಗುರುತು ಹತ್ತಿತು. ನಾನೇ ಆರಿಸಿ ಕೊಂಡ ತಟ್ಟೆಯ ಹೂವಿನ ಡಿಸೈನ್ ಅದು.

ಕೊನೆಗೆ ಒಂದು ಕರ್ಪೂರದ ಪೊಟ್ಟಣ ಬಂತು. ಅದರ ಮೇಲೆ ಅಯ್ಯಪ್ಪನ ಚಿತ್ರ ಇತ್ತು. ಆ ಸ್ವಾಮಿ ಅದನ್ನು ರಾಶಿಗೆ ಎಸೆಯಲಿಲ್ಲ. ತಮ್ಮ ಪಂಚೆಯ ಒಣಗಿದ ಅಂಚಿನಲ್ಲಿ ಒರೆಸಿದರು. "ಸಾಮಿ ಪಡಂ, ಸಾಮಿ" ಎಂದು ನನ್ನ ಕಡೆ ನೋಡಿ ಹೇಳಿ, ಅದನ್ನು ಕಾಂಪೌಂಡ್ ಗೋಡೆಯ ಮೇಲೆ, ಗಾಳಿಗೆ ಹಾರದ ಹಾಗೆ ಒಂದು ಕಲ್ಲಿಟ್ಟು, ಮತ್ತೆ ಚರಂಡಿಗೆ ಬಗ್ಗಿದರು. ಹತ್ತು ನಿಮಿಷದಲ್ಲಿ ಸುಳಿ ಕಟ್ಟಿ ನೀರು ಇಳಿಯತೊಡಗಿತು.

ನಾನು "ಸ್ವಾಮಿ ಶರಣಂ" ಅಂದೆ. ಅವರೂ ನಗುತ್ತ "ಸಾಮಿ ಶರಣಂ" ಅಂದರು. ಆ ಚೀಲ ನಮ್ಮದೇ ಅಂತ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಇವತ್ತಿಗೂ ಅದೊಂದು ಮಾತು ಗಂಟಲಲ್ಲೇ ಇದೆ.

ಎರಡು ದಿನ ಬಿಟ್ಟು ಗುರುಸ್ವಾಮಿಗಳ ಮುಂದೆ ಎಲ್ಲ ಹೇಳಿದೆವು. ನಮ್ಮಲ್ಲೊಬ್ಬ ಸ್ವಾಮಿ ವಾದಕ್ಕೆ ನಿಂತ: "ಗುರುಸ್ವಾಮಿ, ಅಷ್ಟು ಮಳೆಗೆ ಇಡೀ ಊರೇ ಮುಳುಗಿದೆ. ನಮ್ಮ ಮೂರು ಚೀಲದಿಂದ ಏನಾಯ್ತು? ಕಸ ತೆಗೆಯೋದು ಕಾರ್ಪೊರೇಷನ್ ಕೆಲಸ ಅಲ್ವಾ?"

ಗುರುಸ್ವಾಮಿಗಳು ಬೈಯಲಿಲ್ಲ. "ಹೌದು ಸ್ವಾಮಿ, ಊರು ಮುಳುಗಿದ್ದು ನಿಮ್ಮಿಂದ ಅಲ್ಲ. ನಿಮ್ಮ ಬೀದಿಲಿ ನೀರು ಎರಡು ದಿನ ಹೆಚ್ಚು ನಿಂತದ್ದು ನಿಮ್ಮಿಂದ. ನಿಮ್ಮ ಪಾಲು ಎಷ್ಟೋ ಅಷ್ಟನ್ನೇ ಕೇಳ್ತಿದ್ದೇನೆ. ಹದಿನೆಂಟು ಮೆಟ್ಟಿಲಲ್ಲಿ ಯಾವ ಮೆಟ್ಟಿಲಲ್ಲಿ ಜಾರಿದ್ರಿ, ಹೇಳಿ?" ಅಂದರು.

ಕನ್ನಿಸ್ವಾಮಿಗಳಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ಪವಿತ್ರ ಹದಿನೆಂಟು ಮೆಟ್ಟಿಲುಗಳಿಗೆ ಹಿರಿಯರು ಹೇಳುವ ಅರ್ಥ ಹೀಗಿದೆ: ಮೊದಲ ಐದು ಪಂಚೇಂದ್ರಿಯಗಳು. ಮುಂದಿನ ಎಂಟು ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ, ಅಸೂಯೆ, ದಂಭ. ಆಮೇಲಿನ ಮೂರು ಸತ್ತ್ವ, ರಜಸ್ಸು, ತಮಸ್ಸು. ಕೊನೆಯ ಎರಡು ವಿದ್ಯೆ, ಅವಿದ್ಯೆ. ಗುರುಸ್ವಾಮಿ ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಿತು. ಅನ್ನದಾನವನ್ನು ಫೋಟೋಗೆ ಮಾಡಿದ್ದು ದಂಭ. ತಟ್ಟೆ ತೊಳೆಯಲು ಸೋಮಾರಿತನಪಟ್ಟದ್ದು ತಮಸ್ಸು. ಕಣ್ಣಿಗೆ ಕಾಣದಿದ್ದರೆ ಕಸ ಇಲ್ಲವಾಯಿತು ಅಂದುಕೊಂಡದ್ದು ಅವಿದ್ಯೆ. ಒಂದೇ ಸಂಜೆಗೆ ಮೂರು ಮೆಟ್ಟಿಲು ಜಾರಿದ್ದೆ.

ಸ್ವಾಮಿಗಳೇ, ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಬಿಸಾಕಿದೆ" ಅನ್ನುತ್ತೇವೆ. ಎಲ್ಲಿಗೆ? ಚೆನ್ನೈನ ಕಸಕ್ಕೆ ದಶಕಗಳಿಂದ ಎರಡು ದೊಡ್ಡ ಜಾಗ: ಉತ್ತರಕ್ಕೆ ಕೊಡುಂಗೈಯೂರು, ದಕ್ಷಿಣಕ್ಕೆ ಪೆರುಂಗುಡಿ. ಪೆರುಂಗುಡಿಯ ಕಸದ ಗುಡ್ಡ ಎದ್ದದ್ದು ಪಳ್ಳಿಕರಣೈ ಜೌಗು ಭೂಮಿಯ ಒಡಲಲ್ಲಿ. ಮಳೆಗಾಲದಲ್ಲಿ ದಕ್ಷಿಣ ಚೆನ್ನೈನ ನೀರನ್ನು ಹೀರಿಕೊಂಡು ಸಮುದ್ರದ ಕಡೆಗೆ ನಿಧಾನವಾಗಿ ಬಿಡುವುದು ಅದೇ ಜೌಗು. 2022ರಲ್ಲಿ ಅದಕ್ಕೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನಮ್ಮ ವೇಳಚ್ಚೇರಿಯ ನೀರು ಹೋಗಬೇಕಾದ್ದೂ ಅಲ್ಲಿಗೇ, ನಮ್ಮ ಕಸ ಹೋಗುತ್ತಿದ್ದುದೂ ಅಲ್ಲಿಗೇ. ನೀರಿನ ಮನೆಯಲ್ಲಿ ಕಸ ಕೂತರೆ, ನೀರು ನಮ್ಮ ಮನೆಗೆ ಬಂದು ಕೂರುತ್ತದೆ. ಇದರಲ್ಲಿ ದೇವರ ಕೋಪ ಏನೂ ಇಲ್ಲ, ನಮ್ಮ ಲೆಕ್ಕ ನಮಗೇ ವಾಪಸ್ ಬಂದದ್ದು ಅಷ್ಟೇ.

ಈಗ ಇರುಮುಡಿಗೆ ಬರುತ್ತೇನೆ.

ಇರುಮುಡಿಯಲ್ಲಿ ಎರಡು ಭಾಗ. ಮುಂದಿನ ಮುಡಿ ಸ್ವಾಮಿಯದು: ತುಪ್ಪದ ಕಾಯಿ, ಅಕ್ಕಿ, ಪೂಜೆಯ ಸಾಮಾನು. ಹಿಂದಿನ ಮುಡಿ ನಮ್ಮದು: ದಾರಿಯ ಬುತ್ತಿ. ಮುಂದಿನದು ನಾವು ಅರ್ಪಿಸುವುದು, ಹಿಂದಿನದು ನಾವು ಹೊತ್ತು ತಂದ ಕರ್ಮ. ದಾರಿಯಲ್ಲಿ ನಡೆಯುತ್ತ ನಡೆಯುತ್ತ ಹಿಂದಿನ ಮುಡಿ ಖಾಲಿಯಾಗಬೇಕು ಅಂತ ಹಿರಿಯರು ಹೇಳುತ್ತಾರೆ.

ತುಪ್ಪದ ಕಾಯಿಯನ್ನು ಒಮ್ಮೆ ಯೋಚಿಸಿ ನೋಡಿ ಸ್ವಾಮಿ. ತುಪ್ಪ ಒಯ್ಯಲು ಒಂದು ಪಾತ್ರೆ ಬೇಕು. ನಮ್ಮ ಹಿರಿಯರು ಆರಿಸಿದ ಪಾತ್ರೆ ಯಾವುದು? ತೆಂಗಿನಕಾಯಿ. ಕಾಯಿ ದೇಹ, ತುಪ್ಪ ಆತ್ಮ. ಸನ್ನಿಧಾನದಲ್ಲಿ ಕಾಯಿ ಒಡೆದು ತುಪ್ಪ ಅಭಿಷೇಕಕ್ಕೆ ಕೊಡುತ್ತೇವೆ, ಕಾಯಿಹೋಳನ್ನು ಆಳಿಯ ಬೆಂಕಿಗೆ ಹಾಕುತ್ತೇವೆ. ಒಳಗಿನದೂ ಅರ್ಪಣೆ, ಹೊರಗಿನದೂ ಅರ್ಪಣೆ. ಬಿಸಾಡಲು ಏನೂ ಉಳಿಯುವುದಿಲ್ಲ. ಇದಕ್ಕಿಂತ ಒಳ್ಳೆಯ ಪ್ಯಾಕಿಂಗ್ ಯಾರು ಕಂಡುಹಿಡಿದಾರು? ಅಂಥ ಕಾಯಿಗೆ ನಾವು ತುಪ್ಪ ತುಂಬುವುದು ಪ್ಲಾಸ್ಟಿಕ್ ಪಾಕೆಟಿನಿಂದ. ಆ ಪಾಕೆಟ್ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ.

ಬೆಟ್ಟದ ಮೇಲೆ ಈ ಪ್ರಶ್ನೆ ಇನ್ನೂ ದೊಡ್ಡದು. ಶಬರಿಮಲೆ ಇರುವುದು ಪೆರಿಯಾರ್ ಹುಲಿ ಸಂರಕ್ಷಿತ ಕಾಡಿನೊಳಗೆ. ಅದನ್ನು ನಾವು ಸ್ವಾಮಿಯ ಪೂಂಕಾವನ ಅನ್ನುತ್ತೇವೆ, ಅಂದರೆ ಹೂದೋಟ. ಸತ್ತ ಕಡವೆಯ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕವರ್ ಸಿಕ್ಕ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಅವಲು, ಬೆಲ್ಲ, ಉಪ್ಪಿನ ರುಚಿ ಹತ್ತಿದ ಕವರನ್ನು ಅದು ಆಹಾರ ಅಂತಲೇ ತಿನ್ನುತ್ತದೆ. ನಾವು ಒಂದು ದಿನ ಮಾಂಸ ತಿಂದರೆ ವ್ರತಭಂಗ. ನಾವು ಎಸೆದ ಕವರ್ ತಿಂದು ಸ್ವಾಮಿಯ ಕಾಡಿನ ಜೀವ ಸತ್ತರೆ ಅದಕ್ಕೆ ಏನು ಹೆಸರು?

ಇದನ್ನು ಕಂಡೇ ಕೇರಳ ಪೊಲೀಸರ ಮುಂದಾಳತ್ವದಲ್ಲಿ 2011ರಲ್ಲಿ 'ಪುಣ್ಯಂ ಪೂಂಕಾವನಂ' ಎಂಬ ಸ್ವಚ್ಛತಾ ಸೇವೆ ಶುರುವಾಯಿತು. ಕೇರಳ ಹೈಕೋರ್ಟ್ ಇರುಮುಡಿಯಲ್ಲೂ ಪ್ಲಾಸ್ಟಿಕ್ ತರಬಾರದೆಂದು ಆದೇಶಿಸಿತು. 2024ರಲ್ಲಿ ಶಬರಿಮಲೆಯ ತಂತ್ರಿಗಳೇ ಇರುಮುಡಿಯಲ್ಲಿ ಕರ್ಪೂರ, ಅಗರಬತ್ತಿ, ಪನ್ನೀರು ಬೇಡವೆಂದು ತಿಳಿಸಿದರು. ದೇವಸ್ವಂ ಮಂಡಳಿಯೂ ಅದನ್ನೇ ಭಕ್ತರಿಗೆ ಹೇಳಿತು. ಇವು ಸನ್ನಿಧಾನದಲ್ಲಿ ಪೂಜೆಗೆ ಬಳಕೆಯಾಗದೆ ರಾಶಿಬಿದ್ದು ಕಸವಾಗುತ್ತಿದ್ದವು. "ನಮ್ಮಪ್ಪ ಹೀಗೇ ಕಟ್ಟುತ್ತಿದ್ದರು" ಅನ್ನುವ ಸ್ವಾಮಿಗಳು ಗಮನಿಸಬೇಕು: ನಿಮ್ಮ ಅಜ್ಜನ ಕಾಲದ ಇರುಮುಡಿಯಲ್ಲಿ ಪ್ಲಾಸ್ಟಿಕ್ ಪೊಟ್ಟಣ ಇರಲೇ ಇಲ್ಲ.

ಆ ವರ್ಷ ಗುರುಸ್ವಾಮಿಗಳು ನಮಗೆ ಪ್ರಾಯಶ್ಚಿತ್ತ ಅಂತ ಹೋಮ ಹೇಳಲಿಲ್ಲ, ಹೆಚ್ಚಿನ ಉಪವಾಸ ಹೇಳಲಿಲ್ಲ. "ಉಳಿದ ವ್ರತದ ದಿನ ಅಷ್ಟೂ, ಸಂಜೆ ಪೂಜೆಗೆ ಮೊದಲು ಮನೆಯ ಕಸ ನಿಮ್ಮ ಕೈಯಿಂದಲೇ ಬೇರೆ ಮಾಡಿ" ಅಂದರು. ಹಾಗೆ ಮಾಡುತ್ತ ಕಲಿತದ್ದನ್ನು ಇಲ್ಲಿ ಕೊಡುತ್ತೇನೆ. ಪಿ.ಜಿ.ಯಲ್ಲಿರುವ, ರೂಮಿನಲ್ಲಿರುವ ಸ್ವಾಮಿಗಳೂ ಮಾಡಬಹುದು.

1. ಮೂರು ಭಾಗ ಮಾಡಿ. ಹಸಿ ಕಸ, ಒಣ ಕಸ, ಅಪಾಯದ ಕಸ. 2016ರ ಘನತ್ಯಾಜ್ಯ ನಿಯಮ ಇಡೀ ದೇಶಕ್ಕೆ ಆಗ ಹೇಳಿದ್ದು ಇದನ್ನೇ. ಬೆಂಗಳೂರಿನ ಸ್ವಾಮಿಗಳಿಗೆ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ಗೊತ್ತೇ ಇದೆ. ಬಾಳೆಎಲೆ, ಹೂವು, ಅನ್ನ ಹಸಿ ಕಸಕ್ಕೆ. ಪ್ಲಾಸ್ಟಿಕ್, ಕಾಗದ, ಡಬ್ಬಿ ಒಣ ಕಸಕ್ಕೆ. ಬ್ಯಾಟರಿ, ಬಲ್ಬು, ಹಳೆ ಮಾತ್ರೆ ಪ್ರತ್ಯೇಕ. ಸಾಂಬಾರ್ ಮೆತ್ತಿದ ಪ್ಲಾಸ್ಟಿಕ್ ಎರಡಕ್ಕೂ ಸಲ್ಲದು. ಬೆರೆಸಿದ ಕ್ಷಣವೇ ಎರಡೂ ಕೆಟ್ಟವು.

2. ತೊಳೆದು, ಒಣಗಿಸಿ ಇಡಿ. ಹಾಲಿನ ಕವರನ್ನು ಕತ್ತರಿಸುವಾಗ ಮೂಲೆಯ ತುಂಡನ್ನು ಪೂರ್ತಿ ಬೇರೆ ಮಾಡಬೇಡಿ. ಆ ಚೂರನ್ನು ಯಾರೂ ಆಯಲಾರರು, ಅದು ನೇರ ಚರಂಡಿಗೇ ಹೋಗುತ್ತದೆ. ಕವರನ್ನು ಒಂದು ಸಲ ಜಾಲಿಸಿ, ಮಗುಚಿ ಒಣಹಾಕಿ.

3. ಯಾವುದಕ್ಕೆ ಬೆಲೆ ಇದೆ ಅಂತ ತಿಳಿಯಿರಿ. ಪ್ಲಾಸ್ಟಿಕ್ಕಿನ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದೆ. ನೀರಿನ ಬಾಟಲಿ 1, ಶಾಂಪೂ ಡಬ್ಬಿ ಸಾಮಾನ್ಯವಾಗಿ 2, ಊಟದ ಪಾರ್ಸೆಲ್ ಡಬ್ಬಿ ಹೆಚ್ಚಾಗಿ 5. ಇವನ್ನು ಗುಜರಿ ಅಂಗಡಿಯವರು ಕೊಳ್ಳುತ್ತಾರೆ. ಚೆನ್ನೈನಲ್ಲಿ ಅದನ್ನು ಕಾಯಲಾನ್ ಕಡೈ ಅನ್ನುತ್ತಾರೆ. ಅಲ್ಲಿಂದ ಬಗೆಬಗೆಯಾಗಿ ವಿಂಗಡಿಸಿ, ಪುಡಿಮಾಡಿ, ತೊಳೆದು, ಕರಗಿಸಿ ಮತ್ತೆ ಗುಳಿಗೆ ಮಾಡುತ್ತಾರೆ. ಒಂದು ಕೊಳೆಯಾದ ಚೀಲ ಸೇರಿದರೆ ಒಳ್ಳೆಯ ಮಾಲಿನ ಬೆಲೆಯೂ ಬಿತ್ತು. ಆ ನಷ್ಟ ಚಿಂದಿ ಆಯುವ ಬಡವರ ಹೊಟ್ಟೆಗೆ.

4. ಯಾವುದಕ್ಕೆ ಬೆಲೆ ಇಲ್ಲ ಅಂತಲೂ ತಿಳಿಯಿರಿ. ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್, ಬಿಸ್ಕತ್ತು ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳು ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸುವುದು ಕಷ್ಟ, ಗುಜರಿಯವರು ಮುಟ್ಟುವುದಿಲ್ಲ. ಬೇರೆ ಮಾಡಿ ಕೊಟ್ಟರೆ ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋದೀತು. ಹಾಗಾಗಿ ಕೊಳ್ಳದಿರುವುದೇ ಅದಕ್ಕೆ ಮದ್ದು.

5. ಸುಡಬೇಡಿ. ಪೂಜೆಯ ಕವರ್ ಅಂತ ಹೋಮಕುಂಡಕ್ಕಾಗಲಿ, ಆಳಿಗಾಗಲಿ ಹಾಕಬೇಡಿ. ಪ್ಲಾಸ್ಟಿಕ್ಕಿನ ಹೊಗೆ ವಿಷ. ದೇವರ ಚಿತ್ರ ಮುದ್ರಿಸಿದ ಪೊಟ್ಟಣ ಕೊಳ್ಳದಿದ್ದರೆ ಅದನ್ನು ಎಲ್ಲಿ ಹಾಕುವುದು ಎಂಬ ಸಂಕಟವೇ ಇಲ್ಲ.

6. ಬಟ್ಟೆಯೂ ಪ್ಲಾಸ್ಟಿಕ್ ಆಗಿರಬಹುದು. ಪಾಲಿಯೆಸ್ಟರ್ ಕಪ್ಪು ಪಂಚೆ ಮತ್ತು ನೀರಿನ ಬಾಟಲಿ ಎರಡರ ಮೂಲವಸ್ತು ಒಂದೇ. ಪಂಪೆಯಲ್ಲಿ ಬಟ್ಟೆ ಬಿಟ್ಟು ಬರುವುದು ನಮ್ಮ ಆಚಾರವಲ್ಲ, ದಯವಿಟ್ಟು ಬಿಡಬೇಡಿ. ಹಾಗೆಯೇ ಬಟ್ಟೆಯಂತೆ ಕಾಣುವ ನಾನ್‌ವೋವನ್ ಕೈಚೀಲವೂ ಪ್ಲಾಸ್ಟಿಕ್ಕೇ. ಹತ್ತಿಯದನ್ನು ಕೊಳ್ಳಿ.

ಹತ್ತಿ ಚೀಲ ಎಲ್ಲಿ ಸಿಗುತ್ತೆ ಅಂತ ಕೇಳಬೇಡಿ ಸ್ವಾಮಿ. ಚೆನ್ನೈನಲ್ಲಿ ಹಳದಿ ಚೀಲ, ಅಂದರೆ ಮಂಜಪ್ಪೈ, ಒಂದು ಕಾಲದಲ್ಲಿ ಪ್ರತಿ ಮನೆಯ ಮೊಳೆಯಲ್ಲೂ ತೂಗುತ್ತಿತ್ತು. ಮದುವೆಯಲ್ಲಿ ತಾಂಬೂಲ ಕೊಡುತ್ತಿದ್ದುದೂ ಅದರಲ್ಲೇ. ಆಮೇಲೆ ಮಂಜಪ್ಪೈ ಹಿಡಿದವನನ್ನು ಹಳ್ಳಿಗುಗ್ಗು ಅಂತ ನಗುವ ಕಾಲ ಬಂತು. 2021ರ ಡಿಸೆಂಬರಿನಲ್ಲಿ ತಮಿಳುನಾಡು ಸರ್ಕಾರ 'ಮೀಂಡುಂ ಮಂಜಪ್ಪೈ', ಅಂದರೆ ಮತ್ತೆ ಹಳದಿ ಚೀಲ, ಎಂಬ ಯೋಜನೆ ತಂದಿತು. ಕೋಯಂಬೇಡು ಮಾರುಕಟ್ಟೆಯಲ್ಲಿ 10 ರೂಪಾಯಿ ಹಾಕಿದರೆ ಬಟ್ಟೆ ಚೀಲ ಕೊಡುವ ಯಂತ್ರವನ್ನೇ ಇಟ್ಟರು. ನಮ್ಮೂರಲ್ಲೂ ಅಜ್ಜಿಯರು ಸಂತೆಗೆ ಹೋಗುತ್ತಿದ್ದುದು ಕೈಚೀಲ ಹಿಡಿದೇ ಅಲ್ಲವೇ? ನಗುವವರು ನಗಲಿ. ಮಾಲೆ ಹಾಕಿದಾಗ ಬರಿಗಾಲಲ್ಲಿ ಆಫೀಸಿಗೆ ಹೋಗಲು ನಾಚದ ನಾವು ಚೀಲ ಹಿಡಿಯಲು ನಾಚಬೇಕೇ?

ಆ ಡಿಸೆಂಬರ್ ಕೊನೆಯ ವಾರಕ್ಕೆ ಮೊದಲು ಮಹಾಲಿಂಗಪುರಂ ಅಯ್ಯಪ್ಪ ದೇವಸ್ಥಾನದಲ್ಲಿ ಇರುಮುಡಿ ಕಟ್ಟಿಕೊಂಡು ಹೊರಟೆವು. ಮನೆಯಲ್ಲೇ ಎಲ್ಲ ಪೊಟ್ಟಣ ಬಿಚ್ಚಿ, ಅಕ್ಕಿ, ಬೆಲ್ಲ, ಅರಿಶಿನ ಎಲ್ಲ ಸಣ್ಣ ಸಣ್ಣ ಬಟ್ಟೆ ಗಂಟು ಮಾಡಿದ್ದೆವು. ತುಪ್ಪವನ್ನು ಗುರುಸ್ವಾಮಿಗಳು ಸ್ಟೀಲ್ ಡಬ್ಬದಲ್ಲಿ ಬೆಣ್ಣೆ ಕಾಯಿಸಿ ತಂದಿದ್ದರು. ಒಬ್ಬೊಬ್ಬರಿಗೂ ಒಂದು ಸ್ಟೀಲ್ ಬಾಟಲಿ. ನೀಲಿಮಲೆ ಹತ್ತುವಾಗ, ಅಪ್ಪಾಚಿಮೇಡಿನಲ್ಲಿ ಏದುಸಿರು ಬಿಡುವಾಗ, ದಾರಿಯಲ್ಲಿ ಕೊಡುವ ಶುಂಠಿ ನೀರನ್ನು ಅದರಲ್ಲೇ ತುಂಬಿಸಿಕೊಂಡೆವು. ಇಷ್ಟಾದರೂ ರೈಲಿನಲ್ಲಿ, ಬಸ್ಸಿನಲ್ಲಿ ಸೇರಿಕೊಂಡ ಒಂದಷ್ಟು ಕವರ್‌ಗಳಿದ್ದವು. ಅವನ್ನು ಒಂದು ಮಂಜಪ್ಪೈಯಲ್ಲಿ ಹಾಕಿ ವಾಪಸ್ ತಂದೆವು.

ಚೆಂಗನ್ನೂರಿನಿಂದ ಬರುವಾಗ ರೈಲಿನಲ್ಲಿ ಒಬ್ಬ ಸ್ವಾಮಿ ನಕ್ಕರು: "ಏನ್ ಸ್ವಾಮಿ, ಎಲ್ಲರೂ ಬೆಟ್ಟದಿಂದ ಪ್ರಸಾದ ತಂದ್ರೆ ನೀವು ಕಸ ತರ್ತಿದೀರಾ?"

ಗುರುಸ್ವಾಮಿಗಳು ಅಂದರು: "ಎರಡೂ ತರ್ತಿದ್ದೇವೆ ಸ್ವಾಮಿ. ಪ್ರಸಾದ ಅವನು ಕೊಟ್ಟದ್ದು. ಕಸ ನಾವು ಕೊಂಡುಹೋದದ್ದು. ಅವನಲ್ಲಿ ಬಿಟ್ಟು ಬರ್ಲಿಕ್ಕೆ ಅದೇನು ಕಾಣಿಕೆಯಾ?"

ಸ್ವಾಮಿಗಳೇ, ಸನ್ನಿಧಾನದಲ್ಲಿ 'ತತ್ತ್ವಮಸಿ' ಎಂದು ಬರೆದಿದೆ. ಅದು ನೀನೇ ಆಗಿದ್ದೀಯೆ ಎಂದು ಅರ್ಥ. ಮಾಲೆ ಹಾಕಿದ ದಿನದಿಂದ ನಾವು ಎದುರಿಗೆ ಬಂದವರನ್ನೆಲ್ಲ ಸ್ವಾಮಿ ಅನ್ನುವುದು ಅದಕ್ಕೇ. ಆದರೆ ನನಗೆ ಆ ಮಾತು ಅರ್ಥವಾದದ್ದು ಸನ್ನಿಧಾನದ ಮುಂದೆ ಅಲ್ಲ. ವೇಳಚ್ಚೇರಿಯ ಬೀದಿಯಲ್ಲಿ, ನನ್ನ ಎಂಜಲು ತಟ್ಟೆಯನ್ನು ಕೈಯಿಂದ ಎಳೆದು ತೆಗೆದ ಸ್ವಾಮಿಯೊಬ್ಬರ ಮುಂದೆ. ನಾನು ಕೊಟ್ಟ ಅನ್ನದಾನದ ಫಲ ನನಗೆ ಬೇಕಿತ್ತು. ಅದರ ಕಸವನ್ನು ಮಾತ್ರ ಅವರಿಗೆ ಬಿಟ್ಟಿದ್ದೆ.

ನಾನು ಈಗ ಬೇರೆ ಏರಿಯಾದಲ್ಲಿದ್ದೇನೆ. ಮಾಲೆ ತೆಗೆದ ಮೇಲೂ ಸಂಜೆಯ ಆ ಹತ್ತು ನಿಮಿಷದ ಕೆಲಸ ಬಿಟ್ಟಿಲ್ಲ, ಅಂದರೆ ತಪ್ಪುವುದೇ ಇಲ್ಲ ಅಂತಲ್ಲ. ಸುಸ್ತಾದ ದಿನ ಪಾರ್ಸೆಲ್ ತರಿಸುತ್ತೇನೆ, ಡಬ್ಬಿಗಳು ರಾಶಿಯಾಗುತ್ತವೆ. ಆಗೆಲ್ಲ ಆ ಗೋಡೆಯ ಮೇಲಿನ ಪೊಟ್ಟಣ ನೆನಪಾಗುತ್ತದೆ. ಎದ್ದು ತೊಳೆಯುತ್ತೇನೆ.

ಕನ್ನಿಸ್ವಾಮಿಗಳೇ, ಇನ್ನು ಕೆಲವೇ ದಿನದಲ್ಲಿ ನಿಮ್ಮ ತಲೆಯ ಮೇಲೆ ಇರುಮುಡಿ ಬರುತ್ತದೆ. ಕಟ್ಟುವ ಮೊದಲು ಒಮ್ಮೆ ಕೇಳಿಕೊಳ್ಳಿ: ಮುಂದಿನ ಮುಡಿಯಲ್ಲಿ ಸ್ವಾಮಿಗೆ ಸಲ್ಲದ್ದು ಏನಿದೆ? ಹಿಂದಿನ ಮುಡಿಯಲ್ಲಿ ಬೇರೆಯವರು ಬಗ್ಗಿ ಎತ್ತಬೇಕಾದದ್ದು ಏನಿದೆ? ಎರಡನ್ನೂ ಮನೆಯಲ್ಲೇ ತೆಗೆದಿಟ್ಟು ಹೊರಡಿ. ತಲೆ ಹಗುರವಾಗುತ್ತದೆ, ಮೆಟ್ಟಿಲು ಸುಲಭವಾಗುತ್ತದೆ.

ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳನ್ನೆಲ್ಲ ಕ್ಷಮಿಸು ಎಂದು ದಿನವೂ ಬೇಡುತ್ತೇವೆ. ತಿಳಿದ ಮೇಲೆ ಮಾಡದೆ ಇರುವ ಬುದ್ಧಿಯನ್ನೂ ಅವನೇ ಕೊಡಲಿ.

ಸ್ವಾಮಿಯೇ ಶರಣಂ ಅಯ್ಯಪ್ಪ.